ಉಳಿಸಿಕೊಳ್ಳುವುದೋ, ಬಿಟ್ಟುಕೊಡುವುದೋ? ಫುಟ್‌ಬಾಲ್ ತಂಡವೂ ನಮ್ಮ ಲೆಕ್ಕಶಾಸ್ತ್ರವೂ

ನಮ್ಮ ತರಗತಿಯಲ್ಲಿ ಹಳದಿ ಅಂಗಿಯವರೇ ಹೆಚ್ಚು. ಕಾಸರಗೋಡು ಇಲ್ಲಿಂದ ದೂರವಿಲ್ಲ, ಹೆಚ್ಚಿನವರ ಮನೆಮಾತು ಬ್ಯಾರಿ, ಕೆಲವರದು ಮಲಯಾಳಂ. ಹಾಗಾಗಿ ಕೇರಳ ಬ್ಲಾಸ್ಟರ್ಸ್ ಅವರಿಗೆ ನೆರೆಮನೆಯ ತಂಡ ಇದ್ದಂತೆ. ಬೆಂಗಳೂರು ಎಫ್‌ಸಿಯ ನೀಲಿ ಬಣ್ಣದವರು ನಾವು ನಾಲ್ಕೇ ಜನ. ನಮ್ಮ ಮನೆಯಲ್ಲಿ ಮಾತನಾಡುವುದು ಉರ್ದು, ನನ್ನ ಮಾಮು ಇರುವುದು ಬೆಂಗಳೂರಿನಲ್ಲಿ. ಅವರು ಒಮ್ಮೆ ನನ್ನನ್ನು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದರು. ಅಲ್ಲಿ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿಗಳ ಗುಂಪು ತೊಂಬತ್ತು ನಿಮಿಷವೂ ನಿಂತೇ ಹಾಡುವುದನ್ನು ನೋಡಿ ಬಂದ ಮೇಲೆ ನನಗೆ ಬೇರೆ ತಂಡ ಬೇಡವಾಯಿತು.

ಮಧ್ಯಾಹ್ನದ ಬಿಡುವಿನಲ್ಲಿ ನಮ್ಮೊಳಗೆ ನಡೆಯುವ ಚರ್ಚೆ ಒಂದೇ. ಯಾರನ್ನು ಉಳಿಸಿಕೊಳ್ಳಬೇಕಿತ್ತು, ಯಾರನ್ನು ಬಿಡಬೇಕಿತ್ತು, ಆಡಳಿತದವರಿಗೆ ಬುದ್ಧಿ ಇದೆಯೋ ಇಲ್ಲವೋ. ವಿಜ್ಞಾನ ವಿಭಾಗದವರು ಗೋಲುಗಳ ಅಂಕಿ ಹೇಳುತ್ತಾರೆ, ಕಲಾ ವಿಭಾಗದವರು ನಿಷ್ಠೆ ಎನ್ನುತ್ತಾರೆ. ವಾಣಿಜ್ಯ ವಿಭಾಗದವರಾದ ನಾವು ಮಾತ್ರ ನಮ್ಮ ಪುಸ್ತಕವನ್ನು ಚೀಲದಲ್ಲೇ ಇಟ್ಟು ಬರೀ ಗಂಟಲಿನಿಂದ ವಾದಿಸುತ್ತೇವೆ. ಈ ಲೇಖನದಲ್ಲಿ ಪುಸ್ತಕವನ್ನು ಹೊರಗೆ ತೆಗೆಯುತ್ತಿದ್ದೇನೆ. ಪಿಯುಸಿಯಲ್ಲಿ ನಾವು ಓದುವ ವಿಷಯಗಳೇ ಇವು. ಪರೀಕ್ಷೆಗೂ ಸ್ವಲ್ಪ ಉಪಯೋಗವಾದೀತು.

ಮೊದಲು ಕರಾರಿನ ಮಾತು. ಆಟಗಾರನನ್ನು 'ಕೊಂಡರು', 'ಮಾರಿದರು' ಎಂದು ನಾವು ಹೇಳುತ್ತೇವೆ. ಕೊಳ್ಳುವುದು ಮನುಷ್ಯನನ್ನಲ್ಲ, ಅವನು ಇಷ್ಟು ವರ್ಷ ನಮ್ಮ ತಂಡಕ್ಕೇ ಆಡಬೇಕು ಎಂಬ ಹಕ್ಕನ್ನು. ಕರಾರು ಮುಗಿದ ದಿನ ಆ ಹಕ್ಕು ಮುಗಿಯುತ್ತದೆ. ಹಿಂದೆ ಯುರೋಪಿನಲ್ಲಿ ಹಾಗಿರಲಿಲ್ಲ. ಬೆಲ್ಜಿಯಂನ ಜೀನ್ ಮಾರ್ಕ್ ಬೋಸ್ಮನ್ ಎಂಬ ಆಟಗಾರನ ಕರಾರು 1990ರಲ್ಲಿ ಮುಗಿದಿತ್ತು. ಆದರೂ ಅವನ ಲೀಜ್ ಕ್ಲಬ್ಬು ಅವನು ಫ್ರಾನ್ಸಿನ ಡನ್‌ಕರ್ಕ್ ತಂಡಕ್ಕೆ ಹೋಗಬೇಕಾದರೆ ಹಣ ಬೇಕೆಂದು ಹಿಡಿದು ನಿಲ್ಲಿಸಿತು. ಅವನು ನ್ಯಾಯಾಲಯಕ್ಕೆ ಹೋದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರವಾಗಿ ತೀರ್ಪು ಕೊಟ್ಟಿತು. ಈಗ ಫಿಫಾ ನಿಯಮದ ಪ್ರಕಾರ ಕರಾರಿನ ಕೊನೆಯ ಆರು ತಿಂಗಳು ಬಂದರೆ ಆಟಗಾರ ಬೇರೆ ತಂಡದೊಂದಿಗೆ ಮುಂದಿನ ಕರಾರಿಗೆ ಸಹಿ ಹಾಕಬಹುದು. ಹಾಗಾಗಿ 'ಅವನನ್ನು ಪುಕ್ಕಟೆ ಬಿಟ್ಟುಬಿಟ್ಟರು' ಎಂದು ಬೈಯುವ ಮೊದಲು ಬಿಟ್ಟದ್ದು ಯಾರು ಎಂದು ಕೇಳಬೇಕು. ಎಷ್ಟೋ ಸಲ ತಂಡ ಬಿಟ್ಟಿರುವುದಿಲ್ಲ, ಆಟಗಾರನೇ ಹೊರಟಿರುತ್ತಾನೆ.

ಇನ್ನು ನಮ್ಮ ಪಾಠ. ಶುಲ್ಕ ಕೊಟ್ಟು ಪಡೆದ ಹಕ್ಕು ತಂಡದ ಪುಸ್ತಕದಲ್ಲಿ ಅಮೂರ್ತ ಆಸ್ತಿ. ಯಂತ್ರಕ್ಕೆ ನಾವು ಸವಕಳಿ ಹಾಕುವ ಹಾಗೆ ಇದನ್ನೂ ಕರಾರಿನ ವರ್ಷಗಳಿಗೆ ಸಮನಾಗಿ ಹಂಚಿ ತೊಡೆದು ಹಾಕುತ್ತಾರೆ. ಸರಳ ರೇಖಾ ವಿಧಾನ, ಗುಜರಿ ಬೆಲೆ ಸೊನ್ನೆ. ಒಂದು ಲೆಕ್ಕ ಮಾಡೋಣ.

'ಎ' ಎಂಬ ಆಟಗಾರನಿಗೆ ತಂಡ 50 ಲಕ್ಷ ರೂಪಾಯಿ ಶುಲ್ಕ ಕೊಟ್ಟು 5 ವರ್ಷದ ಕರಾರು ಮಾಡಿತು. ವರ್ಷಕ್ಕೆ 10 ಲಕ್ಷದಂತೆ ಮೂರು ವರ್ಷದಲ್ಲಿ 30 ಲಕ್ಷ ತೊಡೆದು ಹೋಯಿತು, ಪುಸ್ತಕದ ಬೆಲೆ 20 ಲಕ್ಷ ಉಳಿಯಿತು. ಆಗ 15 ಲಕ್ಷಕ್ಕೆ ಅವನನ್ನು ಕಳುಹಿಸಿದರೆ ಲಾಭ-ನಷ್ಟ ಖಾತೆಯಲ್ಲಿ 5 ಲಕ್ಷ ನಷ್ಟ. 'ಬಿ' ಎಂಬವನು ಅದೇ ತಂಡದ ಕಿರಿಯರ ತಂಡದಲ್ಲಿ ಬೆಳೆದವನು. ಅವನಿಗೆ ಖರೀದಿ ಬೆಲೆ ಇಲ್ಲ, ಆದ್ದರಿಂದ ಪುಸ್ತಕದ ಬೆಲೆಯೂ ಇಲ್ಲ. ಅವನನ್ನೂ 15 ಲಕ್ಷಕ್ಕೆ ಕಳುಹಿಸಿದರೆ ಪೂರ್ತಿ 15 ಲಕ್ಷವೂ ಲಾಭ. ಬ್ಯಾಂಕಿಗೆ ಬಂದ ಹಣ ಎರಡರಲ್ಲೂ ಒಂದೇ. ಆದರೆ ಒಬ್ಬನನ್ನು ಕಳುಹಿಸಿದರೆ ನಷ್ಟ ಕಾಣುತ್ತದೆ, ಇನ್ನೊಬ್ಬನನ್ನು ಕಳುಹಿಸಿದರೆ ಲಾಭ ಕಾಣುತ್ತದೆ.

ಇದನ್ನು ಮೊದಲ ಸಲ ಮಾಡಿ ನೋಡಿದಾಗ ನನಗೆ ನಿಜವಾಗಿ ಬೇಸರವಾಯಿತು. ಮನೆಯಲ್ಲೇ ಬೆಳೆದ ಹುಡುಗನನ್ನು ಕಳುಹಿಸಿದರೆ ಪುಸ್ತಕಕ್ಕೆ ಹೆಚ್ಚು ಖುಷಿ ಎಂದರೆ ಇದೆಂಥ ಪುಸ್ತಕ! ಇಂಗ್ಲೆಂಡಿನ ಚೆಲ್ಸಿಯಲ್ಲಿ ಆದದ್ದು ಹೀಗೇ. ಮೇಸನ್ ಮೌಂಟ್ ಆರು ವರ್ಷದ ಮಗುವಾಗಿದ್ದಾಗಿನಿಂದ ಆ ಕ್ಲಬ್ಬಿನಲ್ಲಿ ಬೆಳೆದವನು, 2021ರ ಚಾಂಪಿಯನ್ಸ್ ಲೀಗ್ ಗೆದ್ದ ತಂಡದಲ್ಲಿದ್ದವನು. 2021 ಮತ್ತು 2022ರಲ್ಲಿ ಅಭಿಮಾನಿಗಳು ಅವನನ್ನೇ ವರ್ಷದ ಆಟಗಾರನೆಂದು ಆರಿಸಿದ್ದರು. 2023ರ ಜುಲೈಯಲ್ಲಿ ಅವನನ್ನು 5 ಕೋಟಿ 50 ಲಕ್ಷ ಪೌಂಡಿಗೆ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಕಳುಹಿಸಿದರು. ಅದೇ ವರ್ಷದ ಆರಂಭದಲ್ಲಿ ಅದೇ ಕ್ಲಬ್ಬು ಎನ್ಜೋ ಫರ್ನಾಂಡಿಸ್‌ಗೆ ಸುಮಾರು 10 ಕೋಟಿ 68 ಲಕ್ಷ ಪೌಂಡ್ ಕೊಟ್ಟು ಎಂಟೂವರೆ ವರ್ಷದ ಕರಾರು ಮಾಡಿತ್ತು. ಅಷ್ಟು ಉದ್ದದ ಕರಾರು ಯಾಕೆ ಎಂಬುದು ಈಗ ನಮಗೆ ತಿಳಿಯುತ್ತದೆ. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 2 ಕೋಟಿ 14 ಲಕ್ಷ ಪೌಂಡ್ ವೆಚ್ಚ ಬರೆಯಬೇಕು. ಎಂಟೂವರೆ ವರ್ಷಕ್ಕೆ ಹಂಚಿದರೆ ಸುಮಾರು 1 ಕೋಟಿ 26 ಲಕ್ಷ ಸಾಕು. ಈ ಜಾಣತನವನ್ನು ನೋಡಿ ಯುಇಎಫ್ಎ 2023ರಲ್ಲೇ ನಿಯಮ ಬದಲಿಸಿತು, ಕರಾರು ಎಷ್ಟೇ ಉದ್ದವಿದ್ದರೂ ಶುಲ್ಕವನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲಕ್ಕೆ ಹಂಚುವಂತಿಲ್ಲ.

ಹಳದಿ ಅಂಗಿಯವರಿಗೆ ಇಂಗ್ಲೆಂಡಿನವರೆಗೆ ಹೋಗುವ ಅಗತ್ಯವಿಲ್ಲ. ಸಹಲ್ ಅಬ್ದುಲ್ ಸಮದ್ ಬ್ಲಾಸ್ಟರ್ಸ್‌ನ ಮೀಸಲು ತಂಡದಿಂದ ಮೇಲೆ ಬಂದ ಹುಡುಗ. 2023ರ ಜುಲೈಯಲ್ಲಿ ಅವನು ಮೋಹನ್ ಬಗಾನ್‌ಗೆ ಹೋದ. ಬದಲಿಗೆ ಪ್ರೀತಂ ಕೋಟಾಲ್ ಬಂದರು, ಜೊತೆಗೆ ಹಣವೂ ಬಂತು. ನಮ್ಮ ತರಗತಿಯ ಒಬ್ಬ ಆಗ ಎಂಟನೆಯಲ್ಲೋ ಒಂಬತ್ತರಲ್ಲೋ ಇದ್ದ. ಅಂದು ತಾನು ಊಟ ಮಾಡಲಿಲ್ಲ ಎಂದು ಈಗಲೂ ಹೇಳುತ್ತಾನೆ. ಅವನಿಗೆ ಮೇಲಿನ ಎ-ಬಿ ಲೆಕ್ಕ ತೋರಿಸಿದೆ. "ಲೆಕ್ಕ ಸರಿ ಇದೆ ಮಾರಾಯ, ಆದರೆ ಊಟ ಸೇರುವುದಿಲ್ಲ" ಎಂದ.

ಈಗ ನಮ್ಮ ನೀಲಿಯವರ ಕಥೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೊಮ್ಮೆ ಗೆದ್ದಿತು, ಅದೇ ವರ್ಷ ಎಎಫ್‌ಸಿ ಕಪ್‌ನ ಫೈನಲ್‌ವರೆಗೆ ಹೋಯಿತು. 2017ರಲ್ಲಿ ಐಎಸ್‌ಎಲ್‌ಗೆ ಸೇರುವಾಗ ಒಂದು ನಿಯಮ ಅಡ್ಡ ಬಂತು. ಹಿರಿಯ ಆಟಗಾರರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಬಹುದು, ಉಳಿದವರು ಡ್ರಾಫ್ಟಿಗೆ. ನಾಲ್ಕು ವರ್ಷ ಕಟ್ಟಿದ ತಂಡದಿಂದ ಇಬ್ಬರು! ತಂಡ ಸುನಿಲ್ ಛೇತ್ರಿಯನ್ನೂ ಉದಾಂತ ಸಿಂಗ್‌ನನ್ನೂ ಉಳಿಸಿಕೊಂಡಿತು. ಜುಲೈ 23ರಂದು ಮುಂಬೈಯಲ್ಲಿ ಡ್ರಾಫ್ಟ್ ನಡೆಯಿತು. ಯೂಜೆನ್ಸನ್ ಲಿಂಗ್ಡೋ 1 ಕೋಟಿ 10 ಲಕ್ಷಕ್ಕೆ ಎಟಿಕೆಗೆ ಹೋದರು, ಆ ಡ್ರಾಫ್ಟಿನ ಅತಿ ದೊಡ್ಡ ಬೆಲೆ ಅದು, ಅನಸ್ ಎಡತೊಡಿಕಾ ಅವರಿಗೂ ಅಷ್ಟೇ ಸಿಕ್ಕಿತು. ರಿನೊ ಆಂಟೊ ಬ್ಲಾಸ್ಟರ್ಸ್‌ಗೆ ಹೋದರು. ಅದಕ್ಕೆ ಎರಡೇ ತಿಂಗಳ ಹಿಂದೆ ಕಟಕ್‌ನಲ್ಲಿ ಎರಡು ಗೋಲು ಹೊಡೆದು ಫೆಡರೇಶನ್ ಕಪ್ ತಂದುಕೊಟ್ಟಿದ್ದ ಸಿ. ಕೆ. ವಿನೀತ್‌ರನ್ನು ಬ್ಲಾಸ್ಟರ್ಸ್ ತನ್ನ ಇಬ್ಬರಲ್ಲಿ ಒಬ್ಬರಾಗಿ ಇಟ್ಟುಕೊಂಡಿತು.

ಅರ್ಥಶಾಸ್ತ್ರದಲ್ಲಿ 'ಅವಕಾಶ ವೆಚ್ಚ' ಎಂದು ಓದುತ್ತೇವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಉದಾಂತನನ್ನು ಉಳಿಸಿಕೊಂಡದ್ದರ ಬೆಲೆ ಅವನ ಸಂಬಳ ಮಾತ್ರವಲ್ಲ, ಆ ಜಾಗದಲ್ಲಿ ಇರಬಹುದಾಗಿದ್ದ ಲಿಂಗ್ಡೋ ಕೂಡ. ಉದಾಂತನಿಗೆ ಆಗ 21 ವರ್ಷ. ತಂಡ ಹಿಂದಿನ ಆಟಕ್ಕಲ್ಲ, ಮುಂದಿನ ಆಟಕ್ಕೆ ಜಾಗ ಕೊಟ್ಟಿತು. ಅವನು 2023ರವರೆಗೆ ಇದ್ದು ಗೋವಾಕ್ಕೆ ಹೋದ. ರಿನೊ ಆಂಟೊ ಮರುವರ್ಷವೇ ತಿರುಗಿ ಬಂದರು, ಲಿಂಗ್ಡೋ 2019ರಲ್ಲಿ ಬಂದರು. ಬಿಟ್ಟುಕೊಡುವುದೆಂದರೆ ಎಲ್ಲ ಸಲವೂ ಬಾಗಿಲು ಮುಚ್ಚುವುದಲ್ಲ.

ಹೀಗೆ ತಿರುಗಿ ಬಂದವರಲ್ಲಿ ನನಗೆ ಹೆಚ್ಚು ಇಷ್ಟ ರಾಹುಲ್ ಭೇಕೆ. 2019ರ ಮಾರ್ಚ್ 17ರಂದು ಗೋವಾ ವಿರುದ್ಧದ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ತಲೆಯಿಂದ ಗೋಲು ಹೊಡೆದು ನಮಗೆ ಐಎಸ್‌ಎಲ್ ತಂದುಕೊಟ್ಟವರು. 2021ರಲ್ಲಿ ಮುಂಬೈ ಸಿಟಿಗೆ ಹೋದರು, ಅಲ್ಲಿ ನಾಯಕರಾಗಿ 2024ರಲ್ಲಿ ಕಪ್ ಎತ್ತಿದರು, ಅದೇ ವರ್ಷ ಬೆಂಗಳೂರಿಗೆ ಮರಳಿದರು. "ಕಪ್ ಗೆಲ್ಲಿಸಿದವನನ್ನು ಬಿಡುವುದೇ?" ಎಂದು ಕೇಳುವುದು ಸುಲಭ. ಆದರೆ 117ನೇ ನಿಮಿಷದ ಗೋಲು ಮರಳಿ ಬಾರದ ವೆಚ್ಚದ ಹಾಗೆ, ಅದರ ಇನ್ನೊಂದು ಮುಖ ಅಷ್ಟೇ. ಅದು ಆಗಿ ಹೋದದ್ದು. ಮುಂದಿನ ಕರಾರಿನ ಒಳಗೆ ಅದು ಇಲ್ಲ. '50 ಲಕ್ಷ ಕೊಟ್ಟಿದ್ದೇವೆ, ಹೇಗೆ ಬಿಡುವುದು?' ಎನ್ನುವವನೂ 'ಕಪ್ ಗೆಲ್ಲಿಸಿದ್ದಾನೆ, ಹೇಗೆ ಬಿಡುವುದು?' ಎನ್ನುವವನೂ ಒಂದೇ ತಪ್ಪು ಮಾಡುತ್ತಿದ್ದಾರೆ.

ಇಷ್ಟು ಬರೆದು ನಾನು ಗೆದ್ದೆ ಅಂದುಕೊಂಡಿದ್ದೆ. ಛೇತ್ರಿಯ ಹತ್ತಿರ ಬಂದಾಗ ಪೆನ್ನು ನಿಂತಿತು.

ಲೆಕ್ಕದ ಪ್ರಕಾರ ಛೇತ್ರಿಯನ್ನು ಎಷ್ಟೋ ಮೊದಲೇ ಬಿಡಬೇಕಿತ್ತು. 1984ರಲ್ಲಿ ಹುಟ್ಟಿದವರು. 2022-23ರಲ್ಲಿ ಹಲವು ಪಂದ್ಯ ಬೆಂಚಿನಲ್ಲಿ ಕುಳಿತೇ ಆರಂಭಿಸಿದರು. ಆ ವರ್ಷದ ಬ್ಲಾಸ್ಟರ್ಸ್ ಪಂದ್ಯ ನಮ್ಮ ತರಗತಿಯಲ್ಲಿ ಯಾರಿಗೂ ಮರೆತಿಲ್ಲ. ಮಾರ್ಚ್ 3ರಂದು ಕಂಠೀರವದಲ್ಲಿ, ಬದಲಿ ಆಟಗಾರನಾಗಿ ಬಂದ ಛೇತ್ರಿ ಹೆಚ್ಚುವರಿ ಸಮಯದಲ್ಲಿ ಬೇಗನೆ ಹೊಡೆದ ಫ್ರೀ ಕಿಕ್ ಗೋಲಾಯಿತು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಗೆ ನಡೆಯಿತು. ಗೋಲು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಇಲ್ಲಿ ತೆಗೆದರೆ ಈ ಪತ್ರಿಕೆಯ ಉಳಿದ ಪುಟ ಸಾಲದು. ಮರುವರ್ಷ ತಂಡ ಹತ್ತನೇ ಸ್ಥಾನಕ್ಕೆ ಇಳಿಯಿತು. 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ಅವರು ದೇಶದ ತಂಡಕ್ಕೆ ವಿದಾಯ ಹೇಳಿದರು. ಇನ್ನೇನು ಮುಗಿಯಿತು ಎನ್ನುವಾಗ ತಂಡ ಅವರನ್ನು ಉಳಿಸಿಕೊಂಡಿತು. 2024-25ರಲ್ಲಿ, 40 ತುಂಬಿದ ಮೇಲೆ, 14 ಗೋಲು ಹೊಡೆದರು. ಆ ವರ್ಷ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅವರದೇ ಹೆಚ್ಚು. ತಂಡ ಫೈನಲ್‌ಗೆ ಹೋಯಿತು, ಅವರನ್ನು ದೇಶದ ತಂಡವೂ ತಿರುಗಿ ಕರೆಯಿತು.

ಅದೃಷ್ಟ ಅನ್ನಬಹುದು. ಆದರೆ ಗೋಲು ಹೊಡೆಯದೆ ಇದ್ದಿದ್ದರೂ ಅವರನ್ನು ಉಳಿಸಿಕೊಂಡದ್ದು ಸರಿ ಎಂದೇ ನಾನು ವಾದಿಸುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಹಾಗಾದರೆ ನನ್ನ ಲೆಕ್ಕದಲ್ಲಿ ಏನೋ ಬಿಟ್ಟುಹೋಗಿದೆ. ಅದು ಗುಡ್‌ವಿಲ್, ನಮ್ಮ ಪುಸ್ತಕದ ಕೀರ್ತಿಮೌಲ್ಯ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಹಣ ಕೊಟ್ಟು ಕೊಂಡ ಕೀರ್ತಿಮೌಲ್ಯವನ್ನು ಮಾತ್ರ ಪುಸ್ತಕದಲ್ಲಿ ತೋರಿಸಬೇಕು, ಸಂಸ್ಥೆ ತಾನೇ ಬೆಳೆಸಿಕೊಂಡದ್ದನ್ನು ತೋರಿಸುವಂತಿಲ್ಲ. ಯಾಕೆಂದರೆ ಅದನ್ನು ನಂಬಿಕೆಗೆ ಯೋಗ್ಯವಾಗಿ ಅಳೆಯಲು ಬರುವುದಿಲ್ಲ. ತೋರಿಸುವಂತಿಲ್ಲ ಎಂದರೆ ಇಲ್ಲ ಎಂದಲ್ಲ. ಪಾಲುದಾರನ ನಿವೃತ್ತಿಯ ಪಾಠ ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಪುಸ್ತಕದಲ್ಲಿ ಎಲ್ಲೂ ಇಲ್ಲದ ಕೀರ್ತಿಮೌಲ್ಯಕ್ಕೆ ಪಾಲುದಾರ ಹೊರಡುವ ದಿನ ಬೆಲೆ ಕಟ್ಟುತ್ತೇವೆ, ಉಳಿಯುವವರು ಗಳಿಕೆಯ ಅನುಪಾತದಲ್ಲಿ ಅವನ ಪಾಲನ್ನು ತುಂಬಿಕೊಡುತ್ತಾರೆ. ಹೊರಡುವ ದಿನವೇ ಅದು ಕಾಣಿಸುವುದು.

ಹಾಗೆಂದು ಹಳಬರನ್ನೆಲ್ಲ ಇಟ್ಟುಕೊಳ್ಳಲು ದುಡ್ಡು ಬೇಕಲ್ಲ. ಹಿಂದೆ ಬೆಂಗಳೂರಿನಲ್ಲಿ ಎಚ್‌ಎಎಲ್, ಐಟಿಐ ಮುಂತಾದ ಕಾರ್ಖಾನೆಗಳ ತಂಡಗಳಿದ್ದವು. ಅಲ್ಲಿ ಆಟಗಾರ ನೌಕರನೂ ಆಗಿದ್ದ, ಕಾಲು ಸೋತ ಮೇಲೂ ಸಂಬಳ ಇರುತ್ತಿತ್ತು. ಈಗಿನ ಕ್ಲಬ್ಬಿನಲ್ಲಿ ಕರಾರೇ ಎಲ್ಲ. 2025ರ ಆಗಸ್ಟ್‌ನಲ್ಲಿ, ಐಎಸ್‌ಎಲ್ ಮುಂದೆ ನಡೆಯುತ್ತದೋ ಇಲ್ಲವೋ ತೀರ್ಮಾನವಾಗದೆ ಇದ್ದಾಗ, ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ನಿಲ್ಲಿಸಿರುವುದಾಗಿ ಪ್ರಕಟಿಸಿತು. ನಾವು ಮಧ್ಯಾಹ್ನ ಯಾರನ್ನು ಬಿಡಬೇಕೆಂದು ಜಗಳ ಮಾಡುತ್ತಿದ್ದೆವು, ಅಲ್ಲಿ ಯಾರಿಗೂ ಸಂಬಳವಿರಲಿಲ್ಲ. ಪ್ರಥಮ ಪಿಯುಸಿಯಲ್ಲಿ 'ಸಂಸ್ಥೆ ಮುಂದುವರಿಯುತ್ತದೆ ಎಂಬ ಪರಿಕಲ್ಪನೆ' ಎಂದು ಒಂದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿದ್ದು ಅಂದು ಸರಿಯಾಗಿ ಅರ್ಥವಾಯಿತು. ಐದು ವರ್ಷಕ್ಕೆ ಹಂಚುವ ಲೆಕ್ಕವೆಲ್ಲ ಐದು ವರ್ಷ ಬಾಗಿಲು ತೆರೆದಿರುತ್ತದೆ ಎಂಬ ಮಾತಿನ ಮೇಲೆ ನಿಂತಿದೆ.

ಈಗ ಈ ಲೇಖನ ಬರೆಯಲು ಕಾರಣವಾದ ಸಂಗತಿ ಹೇಳುತ್ತೇನೆ. ನಮ್ಮ ಕಡೆ ಹುಡುಗರ ಒಂದು ಸಣ್ಣ ಫುಟ್‌ಬಾಲ್ ಲೀಗ್ ಇದೆ, ಐದು ಜನರ ಆಟ. ಪುತ್ತೂರು, ಸುಳ್ಯ, ಕಡಬದ ಹುಡುಗರು ಸೇರುತ್ತಾರೆ. ಪ್ರತಿ ತಂಡಕ್ಕೆ 10,000 ಪಾಯಿಂಟು, ತಲಾ 2,000 ಪಾಯಿಂಟು ಕಳೆದುಕೊಂಡು ಇಬ್ಬರನ್ನು ಉಳಿಸಿಕೊಳ್ಳಬಹುದು, ಉಳಿದವರು ಹರಾಜಿಗೆ. ನನಗೆ ಆಟ ಬರುವುದು ಅಷ್ಟಕ್ಕಷ್ಟೇ. ಕಾಮರ್ಸ್ ಎಂಬ ಕಾರಣಕ್ಕೆ ತಂಡದ ಲೆಕ್ಕ ನನ್ನ ಕೈಯಲ್ಲಿದೆ. ಕಳೆದ ವರ್ಷ ಯಾರನ್ನು ಬಿಡಬೇಕೆಂದು ನಾಯಕ ನನ್ನನ್ನು ಕೇಳಿದ. ನಾನು ನೋಟ್‌ಬುಕ್ ತೆರೆದು ಗೋಲ್‌ಕೀಪರ್‌ನ ಹೆಸರು ತೋರಿಸಿದೆ. ಆರು ಪಂದ್ಯ, 11 ಗೋಲು ಬಿಟ್ಟಿದ್ದಾನೆ. ಅವನು ನನ್ನ ಪಕ್ಕದ ಮನೆಯವನು, ಏಳನೇ ತರಗತಿಯಿಂದ ಜೊತೆಗೆ ಆಡಿದವನು. ಹರಾಜಿನಲ್ಲಿ ಬೇರೆ ತಂಡ ಅವನನ್ನು 700ಕ್ಕೆ ಕೂಗಿತು. 800 ಕೂಗಿದ್ದರೆ ನಮಗೇ ಸಿಗುತ್ತಿದ್ದ. ನನ್ನ ನೋಟ್‌ಬುಕ್ಕಿನಲ್ಲಿ ಅವನ ಮಿತಿ 600 ಎಂದು ಬರೆದಿತ್ತು, ನಾನು ಕೈ ಎತ್ತಲಿಲ್ಲ. ಅವನು ಎದುರಿನ ಸಾಲಿನಲ್ಲೇ ಕುಳಿತಿದ್ದ.

ಹೊಸ ಕೀಪರ್‌ಗೆ 1,400 ಪಾಯಿಂಟು ಕೊಟ್ಟೆವು. ಆರು ಪಂದ್ಯದಲ್ಲಿ 7 ಗೋಲು ಮಾತ್ರ ಬಿಟ್ಟ, ನಾವು ಮೊದಲ ಸಲ ಸೆಮಿಫೈನಲ್‌ಗೆ ಹೋದೆವು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಿಂದಿನ ವರ್ಷಗಳಲ್ಲಿ ಸುಳ್ಯಕ್ಕೂ ಕಡಬಕ್ಕೂ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದದ್ದು ಹಳೆಯ ಕೀಪರ್‌ನ ತಂದೆಯ ಅಡಿಕೆ ಮೂಟೆ ಸಾಗಿಸುವ ಪಿಕಪ್. ಡೀಸೆಲ್ ಹಾಕಿಸಿದರೆ ಸಾಕಿತ್ತು. ಕಳೆದ ವರ್ಷ ಎರಡು ಸಲ ಬಾಡಿಗೆ ಗಾಡಿ ಮಾಡಿದೆವು, ಒಟ್ಟು 3,300 ರೂಪಾಯಿ. ಪಂದ್ಯದ ಹಿಂದಿನ ರಾತ್ರಿ ಎಲ್ಲರಿಗೂ ಫೋನು ಮಾಡಿ ಬೆಳಿಗ್ಗೆ ಎಬ್ಬಿಸುತ್ತಿದ್ದವನೂ ಅವನೇ ಎಂದು ನಮಗೆ ಗೊತ್ತಾದದ್ದು ಕಡಬದಲ್ಲಿ ನಾಲ್ಕೇ ಜನ ತಲುಪಿದಾಗ.

ಅಬ್ಬಾ ಅಂಗಡಿಯಲ್ಲಿ ಉದ್ರಿ ಪುಸ್ತಕ ಬರೆಯುತ್ತಾ ನನ್ನ ನೋಟ್‌ಬುಕ್ ಒಮ್ಮೆ ತಿರುವಿ ನೋಡಿದರು. "ಬೇಟಾ, ಆ ಹುಡುಗನ ಪುಟದಲ್ಲಿ ಗಾಡಿ ಬಾಡಿಗೆ ಎಲ್ಲಿ ಬರೆದಿದ್ದೀಯ?" ಎಂದು ಕೇಳಿದರು. ಬರೆಯಲು ಕಾಲಮ್ಮೇ ಇರಲಿಲ್ಲ.

ಅವನು ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಸಲಾಂ ಹೇಳುತ್ತಾನೆ. ಕಾಲೇಜು ಬಸ್ಸಿನಲ್ಲಿ ಮಾತ್ರ ಈಗ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಈ ವರ್ಷ ಅವನ ತಂಡ ಅವನನ್ನು ಉಳಿಸಿಕೊಂಡಿಲ್ಲ, ಹರಾಜಿನ ಪಟ್ಟಿಯಲ್ಲಿ ಹೆಸರಿದೆ.

ಅಭ್ಯಾಸಕ್ಕೆ ಒಂದು ಲೆಕ್ಕ: ಒಂದು ತಂಡದ ಬಳಿ 10,000 ಪಾಯಿಂಟು ಇದೆ. ಇಬ್ಬರನ್ನು ಉಳಿಸಿಕೊಂಡು 4,000 ಕಳೆಯಿತು, ಅದರಲ್ಲಿ ಒಬ್ಬ ಕಳೆದ ವರ್ಷ 7 ಗೋಲು ಬಿಟ್ಟ ಕೀಪರ್. ಉಳಿದ ಪಾಯಿಂಟಿನಲ್ಲಿ ಇನ್ನೂ ಆರು ಆಟಗಾರರು ಬೇಕು. ಅದಕ್ಕೂ ಹಿಂದಿನ ವರ್ಷ 11 ಗೋಲು ಬಿಟ್ಟ ಹಳೆಯ ಕೀಪರ್ ಹರಾಜಿಗೆ ಬರುತ್ತಾನೆ, ಅವನಿಗೆ ಆಡಲು ಜಾಗವಿಲ್ಲದಿದ್ದರೂ ತಂಡದಲ್ಲಿ ಜಾಗವಿದೆ. ಅವನಿಗೆ ಎಷ್ಟು ಪಾಯಿಂಟಿನವರೆಗೆ ಕೈ ಎತ್ತಬಹುದು? ನಿಮ್ಮ ಲೆಕ್ಕದ ಹಂತಗಳನ್ನು ತೋರಿಸಿ. ಅವನು ಎರಡನೇ ಕೀಪರ್ ಆಗಿ ಬರಲು ಒಪ್ಪುತ್ತಾನೋ ಎಂಬುದನ್ನು ಊಹೆ ಮಾಡಬೇಡಿ, ಅದನ್ನು ನಾನೇ ಬಸ್ಸಿನಲ್ಲಿ ಕೇಳಬೇಕಾಗಿದೆ. ಉತ್ತರಗಳನ್ನು ವಾಣಿಜ್ಯ ವಿಭಾಗದ ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕಿ. ಹರಾಜು ಬರುವ ಭಾನುವಾರ.